ಅನ್‌ಮ್ಯಾಚ್ ಮಾಡಿ ಹೋದವರಿಗೆ ರಿಪೋರ್ಟ್ ವಿಷಯ ತಿಳಿಸೋದು ಹೇಗೆ?

ಹಾಸನದಹುಡುಗಿ · ಭಾನುವಾರ ರಾತ್ರಿ 11:20

ಇದನ್ನು ಬರೆಯಲೋ ಬೇಡವೋ ಅಂತ ನಾಲ್ಕು ದಿನ ಹಿಂದೆ ಮುಂದೆ ನೋಡಿದೆ. ನಿಜ ಹೆಸರು ಹಾಕಿಲ್ಲ, ಯಾರೂ ತಪ್ಪು ತಿಳಿಯಬೇಡಿ.

ವಯಸ್ಸು 29. ಆರು ವರ್ಷದಿಂದ ಬೆಂಗಳೂರಲ್ಲಿ ಕೆಲಸ. ವಿಜಯನಗರದಲ್ಲಿ ಗೆಳತಿಯ ಜೊತೆ ಬಾಡಿಗೆ ಮನೆ. ಹೋದ ತಿಂಗಳು ಎರಡೂ ಅಂಗೈ ಮೇಲೆ ಕಂದು ಕೆಂಪು ಚುಕ್ಕೆಗಳು ಎದ್ದವು. ತುರಿಕೆ ಇಲ್ಲ, ನೋವೂ ಇಲ್ಲ. ಪಾತ್ರೆ ತೊಳೆಯುವ ಸೋಪು ಬದಲಾಯಿಸಿದ್ದೆವು, ಅದರದ್ದೇ ಇರಬೇಕು ಅಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನಾದೆ. ವಾರ ಕಳೆದ ಮೇಲೆ ಅಂಗಾಲಲ್ಲೂ ಬಂತು. ಪಾತ್ರೆ ಸೋಪು ಅಂಗಾಲಿಗೆ ಹೇಗೆ ತಗುಲುತ್ತೆ ಅಂತ ಆಗ ಹೊಳೆಯಿತು. ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ನನ್ನ ಕೈಗಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತುಂಬಾ ಹೊತ್ತು ನೋಡಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಬಂದು, "ಒಂದು ರಕ್ತ ಪರೀಕ್ಷೆ ಬರೆದುಕೊಡ್ತೀನಮ್ಮ, ಗಾಬರಿ ಆಗ್ಬೇಡಿ" ಅಂದರು.

ಸಿಫಿಲಿಸ್ ಪತ್ತೆ ಮಾಡುವ ವಿಡಿಆರ್‌ಎಲ್ ಪರೀಕ್ಷೆ ರಿಯಾಕ್ಟಿವ್, ಅಂದರೆ ಪಾಸಿಟಿವ್, 1:32 (ಎರಡನೇ ಅಂಕಿ ದೊಡ್ಡದಾದಷ್ಟೂ ಸೋಂಕು ಚುರುಕು). ಅದನ್ನು ಖಚಿತಪಡಿಸುವ ಟಿಪಿಎಚ್‌ಎ ಕೂಡ ಪಾಸಿಟಿವ್. ಎಚ್‌ಐವಿ ನೆಗೆಟಿವ್. ಸಿಫಿಲಿಸ್ ಅನ್ನುವ ಲೈಂಗಿಕ ಸೋಂಕು, ಎರಡನೇ ಹಂತ. ಮೊದಲು ಕೈಗೆ ಟೆಸ್ಟ್ ಡೋಸ್ ಕೊಟ್ಟು, ಆಮೇಲೆ ಸೊಂಟಕ್ಕೆ ಪೆನಿಸಿಲಿನ್ ಚುಚ್ಚಿದರು. ಎರಡು ದಿನ ಸರಿಯಾಗಿ ಕೂರಲು ಆಗಲಿಲ್ಲ. ಅವತ್ತು ರಾತ್ರಿ ಚಳಿ ಜ್ವರ ಬೇರೆ.

ನನ್ನ ಕಷ್ಟ ಚಿಕಿತ್ಸೆಯದ್ದಲ್ಲ. ಕಳೆದ ಆರು ತಿಂಗಳಲ್ಲಿ ಜೊತೆಗಿದ್ದ ಎಲ್ಲರಿಗೂ ಹೇಳಿ ಅಂದರು ಡಾಕ್ಟರ್. ಮೂರು ಜನ. ಒಬ್ಬರ ಫೋನ್ ನಂಬರ್ ಇದೆ. ಉಳಿದ ಇಬ್ಬರೂ ಡೇಟಿಂಗ್ ಆ್ಯಪ್‌ನಲ್ಲಿ ಸಿಕ್ಕವರು. ಅವರಲ್ಲಿ ಒಬ್ಬರ ಇನ್‌ಸ್ಟಾಗ್ರಾಮ್ ಗೊತ್ತು. ಇನ್ನೊಬ್ಬರು ಎರಡನೇ ಭೇಟಿ ಆದಮೇಲೆ ಅನ್‌ಮ್ಯಾಚ್ ಮಾಡಿದರು, ಅಂದರೆ ಆ್ಯಪ್‌ನಲ್ಲಿ ನನ್ನ ಜೊತೆ ಸಂಪರ್ಕ ಕಡಿದುಕೊಂಡರು. ಅನ್‌ಮ್ಯಾಚ್ ಆದರೆ ಚಾಟ್ ಪೂರ್ತಿ ಮಾಯ ಆಗುತ್ತೆ. ಅವರ ಹೆಸರಿನ ಮೊದಲ ಭಾಗ ಗೊತ್ತು, ಅದೂ ನಿಜವೋ ಸುಳ್ಳೋ. ಕೆಲಸ ವೈಟ್‌ಫೀಲ್ಡ್ ಕಡೆ. ಮನೆಯಲ್ಲಿ ಒಂದು ಮುದಿ ನಾಯಿ ಇದೆ. ಅಷ್ಟೇ.

ಅವರ ಅಂಗೈಯಲ್ಲೂ ಚುಕ್ಕೆ ಎದ್ದರೆ ಅವರೂ ಸೋಪು ಬದಲಾಯಿಸುತ್ತಾರೆ. ಆಮೇಲೆ ಇನ್ಯಾರನ್ನೋ ಭೇಟಿಯಾಗುತ್ತಾರೆ. ಇದು ತಲೆಯಿಂದ ಹೋಗುತ್ತಿಲ್ಲ. ಏನು ಮಾಡಲಿ?

ನಿವೃತ್ತ ಮೇಷ್ಟ್ರು · ಸೋಮವಾರ ಬೆಳಗ್ಗೆ 6:45

ನೋಡಮ್ಮ, ಬೈಯಲು ಬರೆಯುತ್ತಿಲ್ಲ. ನಿನಗಿಂತ ಸ್ವಲ್ಪ ಚಿಕ್ಕ ಮಗ ನನಗೂ ಇದ್ದಾನೆ. ಆದರೆ ಅನಿಸಿದ್ದನ್ನು ಹೇಳದೆ ಇರಲಾರೆ. ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಬೆರಳು ಆಡಿಸಿದರೆ ಮನುಷ್ಯರು ಬರುತ್ತಾರೆ, ಇನ್ನೊಮ್ಮೆ ಆಡಿಸಿದರೆ ಹೋಗುತ್ತಾರೆ. ಇಂಥ ಆ್ಯಪ್‌ಗಳನ್ನು ಸರ್ಕಾರ ನಿಲ್ಲಿಸಬೇಕು. ಇವು ಇಲ್ಲದಿದ್ದರೆ ನಿನಗೆ ಈ ಕಾಯಿಲೆ ಬರುತ್ತಿತ್ತಾ?

ಐಸಿಟಿಸಿ ಅಕ್ಕ · ಸೋಮವಾರ ಬೆಳಗ್ಗೆ 8:10

ಹಾಸನದಹುಡುಗಿ, ಮೊದಲು ನಿಮ್ಮ ಜ್ವರದ ವಿಷಯ. ಪೆನಿಸಿಲಿನ್ ಕೊಟ್ಟ ದಿನ ಒಳಗಿನ ರೋಗಾಣುಗಳು ಒಟ್ಟಿಗೆ ಸಾಯುತ್ತವೆ, ಅದಕ್ಕೆ ಮೈ ಹಾಗೆ ಬಿಸಿಯಾಗುತ್ತೆ. ಒಂದು ದಿನದಲ್ಲಿ ಇಳಿಯುತ್ತೆ. ಅದು ಔಷಧಿಯ ಅಲರ್ಜಿ ಅಲ್ಲ. ಇದನ್ನು ಮುಂಚೆಯೇ ಹೇಳದಿದ್ದರೆ ಜನ ಹೆದರಿಬಿಡುತ್ತಾರೆ.

ನಾನು ಹನ್ನೊಂದು ವರ್ಷದಿಂದ ಸರ್ಕಾರಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಕೌನ್ಸೆಲರ್. ಜನ ಐಸಿಟಿಸಿ ಅಂತಾರೆ. ನೀವು ಕೇಳಿದ ಪ್ರಶ್ನೆಯನ್ನು ಈಗೀಗ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಮುಂಚೆ "ಹೆಂಡತಿಗೆ ಹೇಗೆ ಹೇಳಲಿ" ಅಂತ ಕೇಳುತ್ತಿದ್ದರು. ಈಗ "ಅವರು ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲ" ಅಂತಾರೆ. ನನ್ನ ಕಣ್ಣಿಗೆ ಕಂಡ ದೊಡ್ಡ ಬದಲಾವಣೆ ಇದೇ.

ಸಿಫಿಲಿಸ್‌ನ ಗುಣ ಸ್ವಲ್ಪ ಗೊತ್ತಿದ್ದರೆ ಇದು ಯಾಕೆ ಮುಖ್ಯ ಅಂತ ತಿಳಿಯುತ್ತೆ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ ಒಂದು ಹುಣ್ಣು ಬರುತ್ತೆ. ನೋವೇ ಇರಲ್ಲ. ಹೆಂಗಸರಲ್ಲಿ ಅದು ಒಳಗೆ ಆದರೆ ಕಾಣುವುದೂ ಇಲ್ಲ. ಔಷಧಿ ಇಲ್ಲದೆಯೇ ಮೂರರಿಂದ ಆರು ವಾರದಲ್ಲಿ ಮಾಯುತ್ತೆ. ವಾಸಿಯಾಯಿತು ಅಂದುಕೊಳ್ಳುತ್ತಾರೆ. ಆಮೇಲೆ ನಿಮಗೆ ಬಂದ ಹಾಗೆ ಚುಕ್ಕೆ. ಅದೂ ತಾನಾಗೇ ಹೋಗುತ್ತೆ. ರೋಗ ಮಾತ್ರ ಒಳಗೇ ಕೂತಿರುತ್ತೆ, ವರ್ಷಗಟ್ಟಲೆ. ಕೆಲವರಿಗೆ ಮುಂದೆ ಕಣ್ಣಿಗೆ, ನರಕ್ಕೆ, ಹೃದಯಕ್ಕೆ ಹೋಗುತ್ತೆ. ಅದಕ್ಕೇ ಎದುರಿನವರಿಗೆ ಯಾರಾದರೂ ಹೇಳಲೇಬೇಕು. ಅವರ ಮೈ ಅವರಿಗೆ ಹೇಳುವುದಿಲ್ಲ.

ಇನ್‌ಸ್ಟಾಗ್ರಾಮ್ ಗೊತ್ತಿರುವವರಿಗೆ ಇವತ್ತೇ ಬರೆಯಿರಿ. ಉದ್ದ ಬೇಡ. ಹೀಗೆ ಬರೆದರೆ ಸಾಕು: "ನಮಸ್ಕಾರ. ನನಗೆ ಸಿಫಿಲಿಸ್ ಇದೆ ಅಂತ ಈ ವಾರ ಗೊತ್ತಾಯಿತು, ಚಿಕಿತ್ಸೆ ಆಗಿದೆ. ಯಾರಿಂದ ಯಾರಿಗೆ ಅಂತ ಕೇಳಲು ಬರೆಯುತ್ತಿಲ್ಲ. ನೀವೂ ವಿಡಿಆರ್‌ಎಲ್ ಮತ್ತು ಎಚ್‌ಐವಿ ಟೆಸ್ಟ್ ಮಾಡಿಸಿ, ಏನೂ ಲಕ್ಷಣ ಇಲ್ಲದಿದ್ದರೂ ಮಾಡಿಸಿ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೆ ಹತ್ತಿರದ ಕೇಂದ್ರ ಹೇಳುತ್ತಾರೆ, ದುಡ್ಡು ಕೊಡಬೇಕಾಗಿಲ್ಲ." ಕಳಿಸಿದ ಮೇಲೆ ಅವರು ಬೈದರೂ ಉತ್ತರ ಕೊಡಬೇಡಿ. ಬೈದವರೂ ಆಮೇಲೆ ಟೆಸ್ಟ್‌ಗೆ ಬಂದಿದ್ದನ್ನು ನೋಡಿದ್ದೇನೆ.

ಮೂರನೆಯವರನ್ನು ಹುಡುಕಲು ಯಾವ ಗುಂಪಿನಲ್ಲೂ ಫೋಟೋ, ಹೆಸರು, ನಾಯಿಯ ಗುರುತು ಹಾಕಬೇಡಿ. ಈಗ ಇಲ್ಲಿ ಹಾಕಿರುವುದೇ ಸಾಕು. ಅದು ಒಬ್ಬರ ಮರ್ಯಾದೆಯ ವಿಷಯ. ಹಾಗೆ ಬಯಲಿಗೆ ಎಳೆದರೆ ಅವರು ಟೆಸ್ಟ್‌ಗೆ ಬರುವುದಿಲ್ಲ, ಇನ್ನೂ ಅಡಗಿಕೊಳ್ಳುತ್ತಾರೆ.

ಡೇಟಾ ನೋಡುವವ · ಸೋಮವಾರ ಬೆಳಗ್ಗೆ 10:02

ಮೇಷ್ಟ್ರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಬೇರೆ ದೇಶಗಳಲ್ಲಿ ಇದನ್ನು ಕೂತು ಲೆಕ್ಕ ಹಾಕಿದ್ದಾರೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಸ್ಮಾರ್ಟ್‌ಫೋನ್ ಬರುವ ಮುಂಚೆಯೇ, 1999ರಲ್ಲಿ, ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸಿಫಿಲಿಸ್ ಬಂದ ಕೆಲವರನ್ನು ವಿಚಾರಿಸಿದಾಗ, ಅವರು ಭೇಟಿಯಾದವರೆಲ್ಲ ಒಂದೇ ಚಾಟ್‌ರೂಮಿನವರು ಅಂತ ಗೊತ್ತಾಯಿತು. ಅವರ ಹತ್ತಿರ ನಿಜ ಹೆಸರಿರಲಿಲ್ಲ, ಸ್ಕ್ರೀನ್ ಹೆಸರು ಮಾತ್ರ. ಹಾಸನದಹುಡುಗಿಯ ಕಷ್ಟ ಅವತ್ತಿನದ್ದೇ. ಆಮೇಲೆ ಕ್ರೇಗ್ಸ್‌ಲಿಸ್ಟ್ ಅನ್ನುವ, ಭೇಟಿಗೆ ಜನ ಹುಡುಕುವ ಜಾಹೀರಾತೂ ಹಾಕಬಹುದಾಗಿದ್ದ ಜಾಲತಾಣ ಒಂದೊಂದೇ ಊರಿಗೆ ಕಾಲಿಟ್ಟಿತು. 1999ರಿಂದ 2008ರವರೆಗೆ 33 ರಾಜ್ಯಗಳ ಲೆಕ್ಕ ತೆಗೆದ ಇಬ್ಬರು ಸಂಶೋಧಕರು, ಅದು ಬಂದ ಕಡೆ ಎಚ್‌ಐವಿ ಪ್ರಕರಣಗಳು 15.9% ಜಾಸ್ತಿಯಾದವು ಅಂತ 2014ರಲ್ಲಿ ಬರೆದರು. ಮಾರನೇ ವರ್ಷ ರೋಡ್ ಐಲೆಂಡ್ ರಾಜ್ಯದ ಆರೋಗ್ಯ ಇಲಾಖೆ ಇನ್ನೂ ನೇರವಾಗಿ ಹೇಳಿತು. ಅಲ್ಲಿ 2013ರಿಂದ 2014ಕ್ಕೆ ಸಿಫಿಲಿಸ್ 79%, ಇನ್ನೊಂದು ಲೈಂಗಿಕ ಸೋಂಕಾದ ಗೊನೊರಿಯಾ 30% ಏರಿತ್ತು. ಸೋಷಿಯಲ್ ಮೀಡಿಯಾ ಮೂಲಕ ಗುರುತಿಲ್ಲದವರ ಭೇಟಿ ಅದಕ್ಕೆ ಒಂದು ಕಾರಣ ಅಂತ ಇಲಾಖೆಯೇ ಹೇಳಿತು.

ಇಷ್ಟು ಕೇಳಿದರೆ ಮೇಷ್ಟ್ರು ಗೆದ್ದರು ಅನಿಸುತ್ತೆ. ಆದರೆ ಇನ್ನೊಂದು ಕಡೆ ನೋಡಿ. ಅಮೆರಿಕದಲ್ಲಿ ಸಿಫಿಲಿಸ್ ತೀರಾ ಕೆಳಗಿಳಿದಿದ್ದು 2000ದಲ್ಲಿ. ಆಮೇಲೆ ಏರುತ್ತಾ ಬಂತು. ಗೇ ಗಂಡಸರು ಬಳಸುವ ಡೇಟಿಂಗ್ ಆ್ಯಪ್ ಗ್ರೈಂಡರ್ ಬಂದಿದ್ದು 2009ರಲ್ಲಿ, ಟಿಂಡರ್ ಆ್ಯಪ್ 2012ರಲ್ಲಿ. ಅಂದರೆ ಆ್ಯಪ್ ಬರುವ ಎಂಟೊಂಬತ್ತು ವರ್ಷ ಮುಂಚೆಯೇ ಗ್ರಾಫ್ ಮೇಲೆ ಹೋಗಲು ಶುರುವಾಗಿತ್ತು. ಟೆಸ್ಟ್ ಜಾಸ್ತಿ ಮಾಡಿದಷ್ಟೂ ಪ್ರಕರಣ ಜಾಸ್ತಿ ಸಿಗುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜಾಸ್ತಿ ಜನರನ್ನು ಭೇಟಿಯಾಗಬೇಕು ಅನ್ನುವವರೇ ಆ್ಯಪ್‌ಗೆ ಬರುತ್ತಾರೋ, ಆ್ಯಪ್ ಅವರನ್ನು ಹಾಗೆ ಮಾಡುತ್ತೋ, ಬಿಡಿಸಿ ಹೇಳುವುದು ಕಷ್ಟ.

ನನಗೆ ಅರ್ಥವಾದದ್ದು ಇಷ್ಟು. ಮುಂಚೆ ನಮ್ಮ ಪರಿಚಯದ ಬಳಗಗಳು ಬೇರೆ ಬೇರೆ ಇರುತ್ತಿದ್ದವು. ಕಾಲೇಜಿನದು ಒಂದು, ಆಫೀಸಿನದು ಒಂದು, ಬಡಾವಣೆಯದು ಒಂದು. ಒಂದು ಬಳಗಕ್ಕೆ ಬಂದ ಸೋಂಕು ಬಹಳ ಸಲ ಅಲ್ಲೇ ಸುತ್ತುತ್ತಿತ್ತು. ಈಗ ಯಲಹಂಕದವರು, ಎಲೆಕ್ಟ್ರಾನಿಕ್ ಸಿಟಿಯವರು, ಎರಡು ದಿನಕ್ಕೆ ಅಂತ ಬೆಂಗಳೂರಿಗೆ ಬಂದ ಪುಣೆಯವರು, ಎಲ್ಲರೂ ಒಂದೇ ಪರದೆ ಮೇಲೆ. ಬಳಗಗಳು ಒಂದಕ್ಕೊಂದು ಸೇರಿಕೊಂಡವು. ಸುದ್ದಿ ಮುಟ್ಟಿಸುವ ದಾರಿ ಮಾತ್ರ ಕಡಿದುಹೋಯಿತು.

ಕಬ್ಬನ್ ಪಾರ್ಕ್ ಬೆಂಚು · ಸೋಮವಾರ ಮಧ್ಯಾಹ್ನ 1:35

ಮೇಷ್ಟ್ರೇ, ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ ನಿಲ್ಲಿಸಿ ಅನ್ನುವ ಮಾತಿಗೆ ನನ್ನ ಕಥೆ ಹೇಳಬೇಕು.

ನಾನು ಗೇ. ವಯಸ್ಸು 43. ನನ್ನ ಇಪ್ಪತ್ತರ ದಿನಗಳಲ್ಲಿ ಆ್ಯಪ್ ಇರಲಿಲ್ಲ. ಕತ್ತಲಾದ ಮೇಲೆ ಪಾರ್ಕು, ಬಸ್ ಸ್ಟ್ಯಾಂಡು. ಅಲ್ಲಿ ಭಯ ಒಂದೇ ಎರಡೇ? ಪೊಲೀಸರ ಲಾಠಿ, ಪರ್ಸ್ ಕಿತ್ತುಕೊಳ್ಳುವವರು. ಭಯದಲ್ಲಿ ಎಲ್ಲವೂ ಆತುರಾತುರ. ಆ ಆತುರದಲ್ಲಿ ಕಾಂಡೋಮ್ ಯಾರಿಗೆ ನೆನಪಾಗುತ್ತೆ? ಆಗಲೂ ಸೋಂಕು ಇತ್ತು, ನನ್ನ ಇಬ್ಬರು ಸ್ನೇಹಿತರನ್ನು ಕಳೆದುಕೊಂಡಿದ್ದೇನೆ. ನಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ವಿಷಯದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೂ ಮುಂಚೆ ಆ್ಯಪ್ ನಮಗೆ ಕೊಟ್ಟಿದ್ದು ಒಂದು ಟೀ ಅಂಗಡಿಯಲ್ಲಿ ಕೂತು ಮಾತಾಡುವಷ್ಟು ಸಮಯ. "ಯಾವಾಗ ಟೆಸ್ಟ್ ಮಾಡಿಸಿದ್ರಿ?" ಅಂತ ಮುಖ ನೋಡಿ ಕೇಳಲು ಆಗದ್ದನ್ನು ಟೈಪ್ ಮಾಡಿ ಕೇಳಬಹುದು. ನಾನು ಈಗಲೂ ಕೇಳುತ್ತೇನೆ.

ಆ್ಯಪ್‌ನವರು ಒಳ್ಳೆಯವರು ಅಂತ ಹೇಳುತ್ತಿಲ್ಲ. 2018ರ ಮಾರ್ಚ್‌ನಲ್ಲಿ ಗ್ರೈಂಡರ್ ಎಚ್‌ಐವಿ ಟೆಸ್ಟ್ ನೆನಪಿಸುವ ಸೌಲಭ್ಯ ತಂದಿತು, ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ. ನನಗೆ ಅದರಿಂದ ಉಪಯೋಗ ಆಯಿತು. ಮರು ತಿಂಗಳೇ ಇನ್ನೊಂದು ಸುದ್ದಿ. ಬಳಕೆದಾರರು ಪ್ರೊಫೈಲ್‌ನಲ್ಲಿ ಬರೆದುಕೊಂಡ ಎಚ್‌ಐವಿ ಮಾಹಿತಿ ಬೇರೆ ಎರಡು ಕಂಪನಿಗಳಿಗೆ ಹೋಗುತ್ತಿತ್ತು ಅಂತ ಹೊರಬಂತು. ಆಮೇಲೆ ನಿಲ್ಲಿಸಿದರು. ಆದರೆ ಅವತ್ತಿನಿಂದ ನನ್ನ ಗೆಳೆಯರಲ್ಲಿ ಹಲವರು ಆ ಕಾಲಂ ಖಾಲಿ ಬಿಟ್ಟಿದ್ದಾರೆ. ನಂಬಿ ಹೇಳಿಕೊಂಡವರ ಬಾಯಿ ಮುಚ್ಚಿಸಿದರು. ಇದಕ್ಕೆ ನನಗೆ ಈಗಲೂ ಸಿಟ್ಟಿದೆ.

ಇನ್ನೊಂದು ವಿಷಯ. ಎಚ್‌ಐವಿ ಇರುವವರು ಅದನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಬಿಡದೆ ತಗೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಇದ್ದರೆ, ಲೈಂಗಿಕ ಸಂಪರ್ಕದಿಂದ ಅವರಿಂದ ಹರಡುವುದಿಲ್ಲ. ನನ್ನ ಸಂಗಾತಿ ಹಾಗೇ ಇದ್ದಾರೆ, ಏಳು ವರ್ಷ ಆಯಿತು. ಟೆಸ್ಟ್ ಮಾಡಿಸದೆ "ನಾನು ಕ್ಲೀನ್" ಅಂತ ಬಯೋದಲ್ಲಿ ಬರೆದುಕೊಂಡವರಿಗಿಂತ ಅವರ ಜೊತೆ ನನಗೆ ಧೈರ್ಯ ಜಾಸ್ತಿ.

ಮಾಗಡಿರೋಡ್ ಮೆಡಿಕಲ್ · ಸೋಮವಾರ ರಾತ್ರಿ 10:50

ಅಂಗಡಿ ಬಾಗಿಲು ಹಾಕಿ ಬಂದು ಬರೆಯುತ್ತಿದ್ದೇನೆ.

ನೀವೆಲ್ಲ ಡೇಟಿಂಗ್ ಆ್ಯಪ್ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಕಾಣುವುದು ರೀಲ್ಸ್. ರಾತ್ರಿ ಒಂಬತ್ತೂವರೆ ಮೇಲೆ ಹುಡುಗರು ಬರುತ್ತಾರೆ. ಬೇರೆ ಗಿರಾಕಿ ಇದ್ದರೆ ಪಕ್ಕಕ್ಕೆ ನಿಂತು ಫೋನ್ ನೋಡುವ ಹಾಗೆ ಮಾಡುತ್ತಾರೆ. ಎಲ್ಲರೂ ಹೋದ ಮೇಲೆ ಫೋನ್ ಗಾಜಿನ ಮೇಲಿಟ್ಟು ನನ್ನ ಕಡೆ ತಿರುಗಿಸುತ್ತಾರೆ. ಸ್ಕ್ರೀನ್‌ಶಾಟ್. ಯಾವುದೋ ವಿಡಿಯೋದಲ್ಲಿ ಹೇಳಿದ ಮಾತ್ರೆ ಹೆಸರು. ಒಂದು ಸ್ಟ್ರಿಪ್ ಬೇಡ, ಎರಡೇ ಮಾತ್ರೆ ಕೊಡಿ ಅಂತಾರೆ. ಉರಿಮೂತ್ರವಾ, ಕೀವು ಬರ್ತಿದೆಯಾ ಅಂತ ಮೆತ್ತಗೆ ಕೇಳಿದರೆ "ಫ್ರೆಂಡ್‌ಗೆ ಅಣ್ಣ" ಅಂತಾರೆ.

ನಾನು ಚಿಕ್ಕವನಿದ್ದಾಗ ಮೆಜೆಸ್ಟಿಕ್ ಸುತ್ತಮುತ್ತ ಗೋಡೆಗಳ ಮೇಲೆ "ಗುಪ್ತ ರೋಗಕ್ಕೆ ಶರ್ತಿಯಾ ಚಿಕಿತ್ಸೆ" ಅಂತ ಬರೆದಿರುತ್ತಿತ್ತು. ಆ ಗೋಡೆ ಈಗ ಫೋನ್ ಒಳಗೆ ಬಂದಿದೆ, ಕೋಟು ಹಾಕಿಕೊಂಡು ಮಾತಾಡುತ್ತೆ.

ಗೊನೊರಿಯಾಗೆ ಒಂದು ಕಾಲಕ್ಕೆ ಸಿಪ್ರೋಫ್ಲಾಕ್ಸಾಸಿನ್ ಒಂದೇ ಮಾತ್ರೆ ಸಾಕಿತ್ತು. ಎಲ್ಲರೂ ಸಿಕ್ಕಿದ ಹಾಗೆ ನುಂಗಿ ನುಂಗಿ ಅದು ಈಗ ಕೆಲಸಕ್ಕೆ ಬಾರದ ಹಾಗಾಗಿದೆ. ಔಷಧಿಗೆ ಬಗ್ಗದ ರೋಗಾಣುಗಳ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಗೊನೊರಿಯಾ ಇದೆ. ಎರಡು ಮಾತ್ರೆ ನುಂಗಿ ಉರಿ ಕಮ್ಮಿಯಾದರೆ ವಾಸಿಯಾಯಿತು ಅಂತ ಅಲ್ಲ. ಚೀಟಿ ಇಲ್ಲದೆ ನಾನು ಕೊಡುವುದಿಲ್ಲ. ಆದರೆ ಮುಂದಿನ ಅಂಗಡಿಗೆ ಹೋಗುತ್ತಾರೆ, ಅದೂ ಗೊತ್ತು. ಅಕ್ಕ, ಇವರನ್ನು ಎಲ್ಲಿಗೆ ಕಳಿಸಲಿ? ದುಡ್ಡಿನ ಯೋಚನೆ ಇರುವ ಹುಡುಗರು, ಪಿಜಿಯಲ್ಲಿ ಇರುವವರು.

ಐಸಿಟಿಸಿ ಅಕ್ಕ · ಮಂಗಳವಾರ ಬೆಳಗ್ಗೆ 7:55

ಅಣ್ಣ, ಸುರಕ್ಷಾ ಕ್ಲಿನಿಕ್‌ಗೆ ಕಳಿಸಿ, ಲೈಂಗಿಕ ಸೋಂಕುಗಳಿಗೆ ಇರುವ ಸರ್ಕಾರಿ ಕ್ಲಿನಿಕ್ ಅದು. ವಿಕ್ಟೋರಿಯಾ, ಬೌರಿಂಗ್ ಥರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದರೆ ಚರ್ಮರೋಗ ವಿಭಾಗ ಎಲ್ಲಿ ಅಂತ ಕೇಳಲಿ, ಅಷ್ಟು ಸಾಕು. ಯಾರೂ ಜೋರಾಗಿ ಕಾಯಿಲೆ ಹೆಸರು ಹೇಳಬೇಕಾಗಿಲ್ಲ. ಅಲ್ಲಿ ಲಕ್ಷಣ ನೋಡಿ ಔಷಧಿ ಕಿಟ್ ಕೊಡುತ್ತಾರೆ. ಏಳು ಬಣ್ಣದ ಏಳು ಕಿಟ್‌ಗಳಿವೆ. ಕೀವು ಬರುವವರಿಗೆ ಬೂದು ಬಣ್ಣದ್ದು, ನೋವಿಲ್ಲದ ಹುಣ್ಣಿಗೆ ಬಿಳಿಯದ್ದು, ಹರ್ಪಿಸ್‌ಗೆ ಕೆಂಪು. ಸಂಗಾತಿಗೂ ಚಿಕಿತ್ಸೆ ಕೊಡುತ್ತಾರೆ. ಎಲ್ಲ ಉಚಿತ.

ಡೇಟಾ ನೋಡುವವರ ಮಾತಿಗೆ ಒಂದು ಸೇರಿಸುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಕರ್ನಾಟಕ ಎಚ್‌ಐವಿ ಜಾಸ್ತಿ ಇದ್ದ ಆರು ರಾಜ್ಯಗಳಲ್ಲಿ ಒಂದು. ಆಗ ಇಲ್ಲಿ ಕೆಲಸ ಮಾಡಿದ್ದು ಕಾಲ್ನಡಿಗೆಯಲ್ಲಿ. ನನಗೆ ಕಲಿಸಿದ ಹಿರಿಯರು ಹೇಳುತ್ತಿದ್ದರು, ಸಮುದಾಯದವರೇ, ಅಂದರೆ ಲೈಂಗಿಕ ಕಾರ್ಯಕರ್ತೆಯರು, ಗೇ ಗಂಡಸರು, ಚೀಲದಲ್ಲಿ ಕಾಂಡೋಮ್ ಇಟ್ಟುಕೊಂಡು ಸ್ಪಾಟ್‌ನಿಂದ ಸ್ಪಾಟ್‌ಗೆ ಓಡಾಡುತ್ತಿದ್ದರು ಅಂತ. ಲಾರಿ ನಿಲ್ಲುವ ಕಡೆ, ಲಾಡ್ಜ್ ಹತ್ತಿರ, ಪಾರ್ಕ್ ಗೇಟ್ ಹತ್ತಿರ. ಯಾರು ಎಷ್ಟು ದಿನದಿಂದ ಕಾಣಲಿಲ್ಲ ಅಂತ ಮುಖ ನೋಡಿ ಗೊತ್ತಾಗುತ್ತಿತ್ತು. ಅದರಿಂದ ಸೋಂಕು ಇಳಿಯಿತು. ಈಗ ಸ್ಪಾಟ್ ಎಲ್ಲಿದೆ? ಒಬ್ಬೊಬ್ಬರ ಜೇಬಿನಲ್ಲಿ. ನಾವೂ ಫೋನ್ ಒಳಗೇ ಹೋಗಬೇಕು. ಕೆಲವು ಕಾರ್ಯಕರ್ತರು ಆ್ಯಪ್‌ನಲ್ಲೇ ಪ್ರೊಫೈಲ್ ಮಾಡಿ ಟೆಸ್ಟ್ ಬಗ್ಗೆ ಮಾತಾಡುತ್ತಾರೆ. ಅದನ್ನು ಜನ ರಿಪೋರ್ಟ್ ಮಾಡಿಬಿಡುತ್ತಾರೆ, ಖಾತೆ ಮುಚ್ಚಿಹೋಗುತ್ತೆ. ಮತ್ತೆ ತೆರೆಯುತ್ತಾರೆ.

ಹೆಸರು ಬೇಡ 22 · ಮಂಗಳವಾರ ಬೆಳಗ್ಗೆ 11:15

ಅಕ್ಕ, ಶನಿವಾರ ರಾತ್ರಿ ಒಬ್ಬರನ್ನು ಭೇಟಿಯಾಗಿದ್ದೆ. ಕಾಂಡೋಮ್ ಹರಿಯಿತು. ಇವತ್ತು ಬೆಳಗ್ಗೆ ಲ್ಯಾಬ್‌ನಲ್ಲಿ ಎಚ್‌ಐವಿ ಟೆಸ್ಟ್ ಮಾಡಿಸಿದೆ, ನೆಗೆಟಿವ್ ಬಂತು. ಇನ್ನು ಏನೂ ಇಲ್ಲ ಅಲ್ವಾ?

ಐಸಿಟಿಸಿ ಅಕ್ಕ · ಮಂಗಳವಾರ ಬೆಳಗ್ಗೆ 11:22

ಊಟಕ್ಕೆ ಹೋಗುವ ಮುಂಚೆ ಇದನ್ನು ಓದಿ. ಶನಿವಾರದ್ದು ಮಂಗಳವಾರದ ಟೆಸ್ಟ್‌ನಲ್ಲಿ ಕಾಣುವುದಿಲ್ಲ. ಆದರೆ ಎಚ್‌ಐವಿ ಮೈಯಲ್ಲಿ ನೆಲೆಯೂರದಂತೆ ತಡೆಯುವ ಪೆಪ್ ಅಂತ ಮಾತ್ರೆಗಳಿವೆ. 72 ಗಂಟೆ ಒಳಗೆ ಶುರು ಮಾಡಬೇಕು, 28 ದಿನ ತಗೊಳ್ಳಬೇಕು. ನಿಮಗೆ ಇನ್ನು ಕೆಲವೇ ಗಂಟೆ ಉಳಿದಿದೆ. ಈಗಲೇ ಹೊರಡಿ. ಎಆರ್‌ಟಿ ಕೇಂದ್ರ ಇರುವ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಥವಾ ಅಲ್ಲಿನ ತುರ್ತು ಚಿಕಿತ್ಸಾ ವಿಭಾಗಕ್ಕೆ. "ಪೆಪ್ ಬೇಕು, ಶನಿವಾರ ರಾತ್ರಿ ಎಕ್ಸ್‌ಪೋಷರ್ ಆಗಿದೆ" ಅಂತ ಹೇಳಿ. ದಾರಿಯಲ್ಲಿ 1097ಕ್ಕೆ ಫೋನ್ ಮಾಡಿ. ಬೇಕೋ ಬೇಡವೋ ಡಾಕ್ಟರ್ ತೀರ್ಮಾನಿಸಲಿ, ನೀವು ತಡ ಮಾಡಬೇಡಿ.

ಮುಂದಿನ ಟೆಸ್ಟ್ ಯಾವಾಗ ಅಂತ ಆಮೇಲೆ ಹೇಳುತ್ತೇನೆ.

ಹೆಸರು ಬೇಡ 22 · ಮಂಗಳವಾರ ಸಂಜೆ 5:40

ಹೋದೆ ಅಕ್ಕ. ಮೊದಲ ಡೋಸ್ ತಗೊಂಡೆ. ಒಂದು ಕೌಂಟರ್‌ನಲ್ಲಿ "ಮದುವೆ ಆಗಿದ್ಯಾ" ಅಂತ ಎಲ್ಲರ ಮುಂದೆ ಕೇಳಿದರು, ಕಾಲು ನಡುಗಿತು. ಡಾಕ್ಟರ್ ಮಾತ್ರ ಏನೂ ಕೇಳಲಿಲ್ಲ, ಸಮಯ ಎಷ್ಟಾಗಿದೆ ಅಂತ ಅಷ್ಟೇ ಲೆಕ್ಕ ಹಾಕಿದರು. ಥ್ಯಾಂಕ್ಸ್.

ಐಸಿಟಿಸಿ ಅಕ್ಕ · ಮಂಗಳವಾರ ಸಂಜೆ 6:05

ತುಂಬಾ ಸಂತೋಷ. ಆ ಪ್ರಶ್ನೆ ಕೇಳಬಾರದಿತ್ತು, ನಮ್ಮವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವ ಹಾಗೂ ಇಲ್ಲ.

28 ದಿನ ಒಂದು ಮಾತ್ರೆಯೂ ತಪ್ಪಬಾರದು. ಮುಗಿದ ಮೇಲೆ ಮತ್ತೆ ಟೆಸ್ಟ್, ಮೂರು ತಿಂಗಳಿಗೆ ಇನ್ನೊಂದು. ಜೊತೆಗೆ ವಿಡಿಆರ್‌ಎಲ್ ಮಾಡಿಸಿ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತ ಅಮ್ಮನನ್ನು ಕೇಳಿ. ಈ ಮಧ್ಯೆ ಟೆಸ್ಟ್ ಆಗಲಿ ಅಂತ ರಕ್ತದಾನ ಶಿಬಿರಕ್ಕೆ ಮಾತ್ರ ಹೋಗಬೇಡಿ. ಕೆಲವರು ಹಾಗೆ ಮಾಡುತ್ತಾರೆ. ಟೆಸ್ಟ್‌ಗೆ ಕಾಣದ ದಿನಗಳಲ್ಲಿ ಕೊಟ್ಟ ರಕ್ತ ಇನ್ನೊಬ್ಬರ ಮೈಗೆ ಹೋಗುತ್ತೆ.

ಎರಡು ಮಕ್ಕಳ ತಾಯಿ · ಮಂಗಳವಾರ ರಾತ್ರಿ 11:48

ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ನಾನು ಯಾವ ಆ್ಯಪ್ಪೂ ಮುಟ್ಟಿದವಳಲ್ಲ. ಮದುವೆಯಾಗಿ ಎಂಟು ವರ್ಷ. ಎರಡನೇ ಸಲ ಬಸುರಿ ಆದಾಗ ತಾಯಿ ಕಾರ್ಡ್ ಮಾಡಿಸಲು ಹೋಗಿದ್ದೆ. ಎಲ್ಲರಿಗೂ ಮಾಡುವ ರಕ್ತ ಪರೀಕ್ಷೆ ನನಗೂ ಮಾಡಿದರು. ಮಾರನೇ ದಿನ ನರ್ಸ್ ಫೋನ್ ಮಾಡಿ, ಮನೆಯವರನ್ನೂ ಕರೆದುಕೊಂಡು ಬನ್ನಿ ಅಂದರು. ಸಿಫಿಲಿಸ್ ಅನ್ನುವ ಪದ ಅವತ್ತೇ ಮೊದಲು ಕೇಳಿದ್ದು. ಯಾವಾಗ ಬಂತು ಅಂತ ಗೊತ್ತಾಗದ ಕಾರಣ ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಕೊಟ್ಟರು. ಹೊಟ್ಟೆಯಲ್ಲಿರುವ ಮಗುವಿಗೂ ತಲುಪುವ ಔಷಧಿ ಪೆನಿಸಿಲಿನ್ ಒಂದೇ ಅಂತ ಡಾಕ್ಟರ್ ಹೇಳಿದರು. ಬಿಟ್ಟಿದ್ದರೆ ಮಗು ಹೊಟ್ಟೆಯಲ್ಲೇ ಹೋಗಬಹುದಿತ್ತು ಅಂತಲೂ ಹೇಳಿದರು. ಮಗಳು ಚೆನ್ನಾಗಿದ್ದಾಳೆ. ಈಗ ಮೂರು ವರ್ಷ.

ನಮ್ಮ ಯಜಮಾನರು ಫೋನ್‌ನಲ್ಲಿ ಯಾರನ್ನು ಭೇಟಿಯಾಗಿದ್ದರೋ ಆಮೇಲೆ ಒಪ್ಪಿಕೊಂಡರು. ಆ ಕಥೆ ಬೇಡ. ನಾನು ಬರೆದಿದ್ದು ಬೇರೆ ಕಾರಣಕ್ಕೆ. ಅವರಿಗೆ ಆ ಹೆಣ್ಣುಮಗಳಿಂದ ಒಂದು ಮೆಸೇಜ್ ಬಂದಿತ್ತಂತೆ, ನನ್ನ ಟೆಸ್ಟ್‌ಗೂ ನಾಲ್ಕು ತಿಂಗಳು ಮುಂಚೆ. "ಟೆಸ್ಟ್ ಮಾಡಿಸಿಕೊಳ್ಳಿ" ಅಂತ. ಯಾರೋ ದುಡ್ಡಿಗೆ ಹೆದರಿಸುತ್ತಿದ್ದಾರೆ ಅಂತ ಇವರು ಬ್ಲಾಕ್ ಮಾಡಿದರು. ಆ ಹುಡುಗಿ ಯಾರೋ ಏನೋ. ಹೇಳುವ ಮನಸ್ಸು ಮಾಡಿದಳಲ್ಲ. ನಾನು ಅವಳಿಗೆ ಬೈಯುವುದಿಲ್ಲ.

ಹಾಸನದಹುಡುಗಿ, ನೀವು ಕಳಿಸಿ. ಆ ಕಡೆ ನನ್ನಂಥವಳು ಇರಬಹುದು.

ಬೆಳ್ಳಂದೂರು ಕೋಡರ್ · ಬುಧವಾರ ಬೆಳಗ್ಗೆ 9:30

ಮೇಲಿನದ್ದನ್ನು ಓದಿ ಸ್ವಲ್ಪ ಹೊತ್ತು ಕೆಲಸ ಮಾಡಲು ಆಗಲಿಲ್ಲ. ನಾನು ಆ್ಯಪ್ ಬರೆಯುವ ಕೆಲಸದವನು, ಡೇಟಿಂಗ್ ಆ್ಯಪ್ ಅಲ್ಲ.

ಅನ್‌ಮ್ಯಾಚ್ ಆದ ತಕ್ಷಣ ಚಾಟ್ ನಮಗೆ ಕಾಣುವುದಿಲ್ಲ, ಅದು ಸರಿ. ಕಿರುಕುಳ ಕೊಡುವವರಿಂದ ತಪ್ಪಿಸಿಕೊಳ್ಳಲು ಆ ಬಟನ್ ಬೇಕು, ಹೆಣ್ಣುಮಕ್ಕಳಿಗಂತೂ ಬೇಕೇ ಬೇಕು. ಆದರೆ ಕಂಪನಿಯ ಕಂಪ್ಯೂಟರ್‌ನಲ್ಲಿ ಯಾರು ಯಾರಿಗೆ ಮ್ಯಾಚ್ ಆಗಿದ್ದರು ಅನ್ನುವುದು ತಕ್ಷಣ ಅಳಿಸಿಹೋಗಬೇಕಾಗಿಲ್ಲ. ಹೆಸರು ಹೇಳದೆ, ನಂಬರ್ ಕೊಡದೆ, "ನೀವು ಭೇಟಿಯಾದ ಒಬ್ಬರು ಟೆಸ್ಟ್ ಮಾಡಿಸಿಕೊಳ್ಳಲು ತಿಳಿಸಿದ್ದಾರೆ" ಅಂತ ಒಂದು ಸಾಲು ದಾಟಿಸುವುದು ಕಷ್ಟದ ಕೆಲಸ ಅಲ್ಲ. 2004ರಲ್ಲೇ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇನ್‌ಸ್ಪಾಟ್ ಅಂತ ಒಂದು ತಾಣ ಶುರುವಾಗಿತ್ತು. ಹೆಸರಿಲ್ಲದೆ ಇ-ಕಾರ್ಡ್ ಕಳಿಸಬಹುದಿತ್ತು. ಆದರೆ ಅದಕ್ಕೂ ಇಮೇಲ್ ವಿಳಾಸ ಗೊತ್ತಿರಬೇಕು.

ಕಂಪನಿಗಳು ತಾವಾಗೇ ಮಾಡುವುದಿಲ್ಲ, ಒತ್ತಾಯ ಬೇಕು. 2015ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ಏಡ್ಸ್ ಸಂಸ್ಥೆ ಟಿಂಡರ್, ಗ್ರೈಂಡರ್ ಹೆಸರಿನ ಪಕ್ಕ ಕ್ಲಮೈಡಿಯಾ, ಗೊನೊರಿಯಾ ಅಂತ ಲೈಂಗಿಕ ಸೋಂಕುಗಳ ಹೆಸರು ಬರೆದು ದೊಡ್ಡ ಫಲಕ ಹಾಕಿತು. ಟಿಂಡರ್ ಮೊದಲು ವಕೀಲರಿಂದ ನೋಟಿಸ್ ಕೊಡಿಸಿತು. 2016ರ ಜನವರಿಯಲ್ಲಿ ತನ್ನ ಜಾಲತಾಣದಲ್ಲೇ ಟೆಸ್ಟ್ ಕೇಂದ್ರ ಹುಡುಕುವ ಕೊಂಡಿ ಹಾಕಿತು. ನಮ್ಮಲ್ಲೂ 1097 ಅನ್ನುವ ನಾಲ್ಕು ಅಂಕಿ ಕನ್ನಡದಲ್ಲಿ ಆ್ಯಪ್ ಒಳಗೆ ಕಾಣಬೇಕು ಅಂತ ಕೇಳಲು ನಮಗೇನು ಅಡ್ಡಿ?

ಸದ್ಯಕ್ಕೆ ಆ್ಯಪ್‌ನ ಸಪೋರ್ಟ್‌ಗೆ ಬರೆದು ನೋಡಿ. ಭೇಟಿಯ ದಿನಾಂಕ ಹಾಕಿ, ಸಂದೇಶ ದಾಟಿಸಿ ಅಂತ ಮಾತ್ರ ಕೇಳಿ. ಅವರ ಮಾಹಿತಿ ಕೇಳಬೇಡಿ.

ನಿವೃತ್ತ ಮೇಷ್ಟ್ರು · ಬುಧವಾರ ಸಂಜೆ 7:20

ಎಲ್ಲ ಓದಿದೆ. ಇಂಥ ಆ್ಯಪ್ ಬೇಡ ಅನ್ನುವ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಆ ತಾಯಿ ಬರೆದದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮಗ ಕೋರಮಂಗಲದಲ್ಲಿ ಪಿಜಿಯಲ್ಲಿದ್ದಾನೆ, 24 ವರ್ಷ. ಫೋನ್ ಮಾಡಿದರೆ ಊಟ ಆಯ್ತಾ, ಕೆಲಸ ಹೇಗಿದೆ, ಅಷ್ಟೇ. ಈ ವಿಷಯ ಅವನ ಹತ್ತಿರ ಎತ್ತುವುದು ಹೇಗೆ? ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಒಂಬತ್ತನೇ ತರಗತಿಯಲ್ಲಿ ಆ ಅಧ್ಯಾಯ ಬಂದಾಗ ಮನೆಯಲ್ಲಿ ಓದಿಕೊಳ್ಳಿ ಅಂತ ಪುಟ ತಿರುಗಿಸಿಬಿಡುತ್ತಿದ್ದೆ.

ಐಸಿಟಿಸಿ ಅಕ್ಕ · ಬುಧವಾರ ರಾತ್ರಿ 9:05

ಸರ್, ಲಸಿಕೆಯಿಂದ ಶುರು ಮಾಡಿ. ಎಚ್‌ಪಿವಿ ಲಸಿಕೆ ಅಂತ ಇದೆ. ಸರ್ವಿಕಲ್ (ಗರ್ಭಕಂಠದ) ಕ್ಯಾನ್ಸರ್ ತಡೆಯುವುದು ಅಂತ ಹೆಣ್ಣುಮಕ್ಕಳಿಗೆ ಹೇಳುತ್ತೇವೆ, ಗಂಡುಮಕ್ಕಳಿಗೂ ಕೊಡಬಹುದು. ನಮ್ಮ ದೇಶದ್ದೇ ಆದ ಸರ್ವಾವ್ಯಾಕ್ 2023ರಿಂದ ಸಿಗುತ್ತಿದೆ, 26 ವರ್ಷದವರೆಗೆ. ಅವನ ವಯಸ್ಸಿಗೆ ಮೂರು ಡೋಸ್. "ಇದರ ಬಗ್ಗೆ ಓದಿದೆ ಕಣೋ, ಹಾಕಿಸ್ಕೋ, ದುಡ್ಡು ನಾನು ಕೊಡ್ತೀನಿ" ಅಂತ ಹೇಳಿ. ಕಾಂಡೋಮ್ ಮಾತು ಅದರ ಹಿಂದೆ ತಾನಾಗೇ ಬರುತ್ತೆ. ಬರದಿದ್ದರೆ ಈ ಚರ್ಚೆಯನ್ನೇ ಅವನಿಗೆ ಕಳಿಸಿ.

ಕಾಂಡೋಮ್ ಎಚ್‌ಐವಿ, ಗೊನೊರಿಯಾ, ಕ್ಲಮೈಡಿಯಾಗೆ ಒಳ್ಳೆಯ ಕಾವಲು. ಹರ್ಪಿಸ್, ಸಿಫಿಲಿಸ್, ಎಚ್‌ಪಿವಿಗೆ ಅಷ್ಟು ಪೂರ್ತಿ ಅಲ್ಲ, ಯಾಕಂದರೆ ಅದು ಮುಚ್ಚದ ಚರ್ಮದಿಂದಲೂ ಅವು ತಗುಲುತ್ತವೆ. ಬಾಯಿಂದಲೂ ಬರುತ್ತೆ, ಇದನ್ನು ಬಹಳ ಜನ ನಂಬುವುದೇ ಇಲ್ಲ. ಅದಕ್ಕೇ ಹೊಸಬರ ಜೊತೆ ಇರುವವರು ಏನೂ ಲಕ್ಷಣ ಇಲ್ಲದಿದ್ದರೂ ಮೂರು ಆರು ತಿಂಗಳಿಗೆ ಒಮ್ಮೆ ಟೆಸ್ಟ್ ಮಾಡಿಸಬೇಕು. ಕ್ಲಮೈಡಿಯಾ ಬಂದ ಹೆಂಗಸರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ವರ್ಷಗಳಾದ ಮೇಲೆ ಮಕ್ಕಳಾಗಲಿಲ್ಲ ಅಂತ ಹೋದಾಗ ಅಂಡನಾಳ ಮುಚ್ಚಿದೆ ಅನ್ನುತ್ತಾರೆ.

ಹಾಸನದಹುಡುಗಿ · ಮುಂದಿನ ವಾರ, ಮಂಗಳವಾರ ರಾತ್ರಿ 10:15

ಎಲ್ಲರಿಗೂ ಹೇಳಬೇಕು ಅಂತ ಬಂದೆ.

ಫೋನ್ ನಂಬರ್ ಇದ್ದವರಿಗೆ ಅವತ್ತೇ ಮಾತಾಡಿದೆ. ಅವರ ರಿಪೋರ್ಟ್ ನೆಗೆಟಿವ್. ಆದರೂ ಡಾಕ್ಟರ್ ಮುಂಜಾಗ್ರತೆಗೆ ಇಂಜೆಕ್ಷನ್ ಕೊಟ್ಟಿದ್ದಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ಇದ್ದವರಿಗೆ ಅಕ್ಕ ಬರೆದುಕೊಟ್ಟ ಹಾಗೇ ಕಳಿಸಿದೆ. ಓದಿದ್ದಾರೆ ಅಂತ ತೋರಿಸಿತು, ಮೂರು ದಿನ ಉತ್ತರ ಇಲ್ಲ. ನಾಲ್ಕನೇ ದಿನ ಒಂದು ಫೋಟೋ ಬಂತು, ರಿಪೋರ್ಟ್‌ನದ್ದು. 1:64. ಕೆಳಗೆ "ಥ್ಯಾಂಕ್ಸ್. ನಂಗೆ ಏನೂ ಇರ್ಲಿಲ್ಲ" ಅಂತ ಇತ್ತು.

ಮೂರನೆಯವರಿಗೆ ತಲುಪಿಲ್ಲ. ಆ್ಯಪ್‌ನ ಸಪೋರ್ಟ್‌ಗೆ ಎರಡು ಸಲ ಬರೆದೆ. ಬಳಕೆದಾರರ ಮಾಹಿತಿ ಹಂಚಿಕೊಳ್ಳಲು ಆಗುವುದಿಲ್ಲ ಅಂತ ಎರಡು ಸಲವೂ ಒಂದೇ ಉತ್ತರ. ನಾನು ಕೇಳಿದ್ದು ಮಾಹಿತಿ ಅಲ್ಲ. ಮೂರನೇ ಸಲ ಬರೆದಿದ್ದೇನೆ. ಖಾತೆ ಮುಚ್ಚಬೇಕು ಅಂತಿದ್ದೆ, ಮುಚ್ಚಿಲ್ಲ. ಅವರು ಮತ್ತೆ ಕಣ್ಣಿಗೆ ಬಿದ್ದರೂ ಬೀಳಬಹುದು. ಪ್ರೊಫೈಲ್‌ನಲ್ಲಿ ಫೋಟೋ ತೆಗೆದು ಒಂದೇ ಸಾಲು ಇಟ್ಟಿದ್ದೇನೆ: "ಸಿಫಿಲಿಸ್ ಟೆಸ್ಟ್ ಉಚಿತ, 1097." ನೋಡಿದ ಇಬ್ಬರು ಅಪರಿಚಿತರು ಎಲ್ಲಿ ಮಾಡಿಸಬೇಕು ಅಂತ ಕೇಳಿದರು.

ಚುಕ್ಕೆ ಮಾಯವಾಗಿವೆ. ಆರು ತಿಂಗಳಿಗೆ ಮತ್ತೆ ವಿಡಿಆರ್‌ಎಲ್. 1:32 ಇದ್ದದ್ದು 1:8ಕ್ಕಾದರೂ ಇಳಿಯಬೇಕಂತೆ. ಟಿಪಿಎಚ್‌ಎ ಮಾತ್ರ ಜೀವನಪೂರ್ತಿ ಪಾಸಿಟಿವ್ ತೋರಿಸುತ್ತಿರಬಹುದು, ಹೆದರಬೇಡಿ ಅಂದಿದ್ದಾರೆ.

ಸುಮ್ನೆ ಓದುತ್ತಿದ್ದವ · ಮಂಗಳವಾರ ರಾತ್ರಿ 11:30

ವಾರದಿಂದ ಓದುತ್ತಿದ್ದೆ, ಈಗ ಖಾತೆ ತೆರೆದೆ. ನಾಳೆ ಬೆಳಗ್ಗೆ ಟೆಸ್ಟ್‌ಗೆ ಹೋಗುತ್ತಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ ಅಕ್ಕ?

ಐಸಿಟಿಸಿ ಅಕ್ಕ · ಮಂಗಳವಾರ ರಾತ್ರಿ 11:34

ಬೇಡಪ್ಪ, ತಿಂಡಿ ತಿಂದೇ ಹೋಗಿ. ಒಬ್ಬರೇ ಹೋಗಲು ಭಯ ಆದರೆ ಸ್ನೇಹಿತರನ್ನು ಕರೆದುಕೊಂಡು ಹೋಗಿ, ಹೊರಗೆ ಕೂರಲು ಬೆಂಚು ಇರುತ್ತೆ.